ಮೂವತ್ತೊಂದು ಬೆನ್ನಿಗೊಂದು ಚಿತ್ರ

"ಇದೇನು ಇಲ್ಲಿ, ಕಾಲಿನ ಪಕ್ಕ?" ಅಮ್ಮ ಕೇಳಿದಳು.

ಚಿತ್ರದ ಹಾಳೆಯನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದಿದ್ದಳು. ಇನ್ನೊಂದು ಕೈಯ ಬೆರಳಿಗೆ ನೀಲಿ ಬಣ್ಣ ಮೆತ್ತಿತ್ತು. ಹಾಗಾಗಿ ಬೆರಳನ್ನು ಹಾಳೆಗೆ ತಾಗಿಸದೆ, ಅರ್ಧ ಇಂಚು ದೂರದಿಂದಲೇ ತೋರಿಸುತ್ತಿದ್ದಳು.

"ಅದಾ? ಅದು ಕ್ಯಾಪ್ಟನ್‌ನ ಮಚ್ಚೆ," ಎಂದಳು ಮಗಳು ಪೆನ್ಸಿಲ್.

"ಮಚ್ಚೆ ಮೈಮೇಲೆ ಇರುತ್ತೆ. ಇದು ನೆಲದ ಮೇಲಿದೆ."

"ಹಾಗಾದ್ರೆ ಹೆಜ್ಜೆ ಗುರುತು. ಕ್ಯಾಪ್ಟನ್ ಎಲ್ಲಿ ನಿಂತ್ರೂ ಇದು ಇರುತ್ತಮ್ಮ. ಪೋಸ್ಟರಲ್ಲಿ, ಬಿಸ್ಕತ್ ಪ್ಯಾಕೆಟ್ ಮೇಲೆ, ಎಲ್ಲ ಕಡೆ. ನಾನು ಒಂದು ಚುಕ್ಕೆ ಕೂಡ ಬಿಟ್ಟಿಲ್ಲ, ನೋಡು."

ನಿಜ, ಅವಳು ಏನನ್ನೂ ಬಿಟ್ಟಿರಲಿಲ್ಲ. ಟಿ.ವಿ.ಯಲ್ಲಿ ದಿನಾ ಸಂಜೆ ಐದೂವರೆಗೆ ಬರುವ ಕ್ಯಾಪ್ಟನ್ ಘೇಂಡಾ ಹಾಳೆಯ ತುಂಬ ನಿಂತಿತ್ತು. ಕೊಂಬಿಗೆ ಸುತ್ತಿದ ಬ್ಯಾಂಡೇಜು, ತುದಿ ಹರಿದ ಕೆಂಪು ಹೊದಿಕೆ, ಬೂಟಿನ ಏಳು ಗುಂಡಿ, ಎಲ್ಲವೂ ಇದ್ದವು. ಬಲಗಾಲಿನ ಪಕ್ಕದಲ್ಲಿ ಒಂದು ಪುಟ್ಟ ಉಂಗುರ. ಉಂಗುರದೊಳಗೆ ಇಂಗ್ಲಿಷಿನ ಸಿ ಅಕ್ಷರ. ಅದರ ಮುಂದೆ ಇರುವೆ ಸಾಲಿನಂಥ ಸಣ್ಣ ಸಣ್ಣ ಅಕ್ಷರಗಳು.

ಐದನೇ ಕ್ಲಾಸ್ ಬಿ ಸೆಕ್ಷನ್‌ನಲ್ಲಿ ಚಿತ್ರ ಅಂದರೆ ಇವಳೇ. ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್ ಇರುತ್ತಿದ್ದುದರಿಂದ ಹೆಸರೂ ಅದೇ ಆಗಿಬಿಟ್ಟಿತ್ತು. ಅಟೆಂಡೆನ್ಸ್ ಪುಸ್ತಕದಲ್ಲಿ ಬೇರೆ ಹೆಸರಿದೆ ಅನ್ನುವುದು ಮಿಸ್‌ಗೆ ಮಾತ್ರ ನೆನಪಿತ್ತು. ಅವಳ ಹತ್ತಿರ ರಬ್ಬರ್ ಇರಲಿಲ್ಲ. ಬೇಕಾಗುತ್ತಿರಲಿಲ್ಲ. ಎದುರಿಗೊಂದು ಚಿತ್ರ ಇಟ್ಟರೆ ಸಾಕು, ಕೈ ತಾನೇ ಓಡಿ ಅದನ್ನೇ ಹಾಳೆಯ ಮೇಲೆ ಇಳಿಸಿಬಿಡುತ್ತಿತ್ತು.

ಶನಿವಾರ ಸ್ಪೋರ್ಟ್ಸ್ ಡೇ. ಈ ಸಲ ಪ್ರತಿ ಕ್ಲಾಸೂ ಬೆನ್ನ ಮೇಲೆ ತನ್ನದೇ ಚಿತ್ರ ಇರುವ ಟೀ ಶರ್ಟ್ ಹಾಕಿಕೊಂಡು ಬರಬೇಕು ಎಂದು ಪಿ.ಟಿ. ಸರ್ ಹೇಳಿದ್ದರು. "ಚಿತ್ರಾನೂ ನಂದು, ಪ್ರಿಂಟೂ ನಮ್ಮಮ್ಮಂದು. ನೀವ್ಯಾರೂ ತಲೆ ಕೆಡಿಸ್ಕೊಬೇಡಿ," ಎಂದು ಪೆನ್ಸಿಲ್ ಎದ್ದು ನಿಂತು ಹೇಳಿದ್ದಳು. ಮೂವತ್ತೊಂದು ಬಿಳಿ ಶರ್ಟುಗಳು ಆಗಲೇ ಬಂದು ಮನೆಯ ಮುಂದಿನ ಕೋಣೆಯಲ್ಲಿ ಕೂತಿದ್ದವು.

ಆ ಕೋಣೆಯೇ ಅಮ್ಮನ ಕೆಲಸದ ಜಾಗ. ಒಂದು ಉದ್ದದ ಮೇಜು, ಬಣ್ಣದ ಡಬ್ಬಿಗಳು, ಗೋಡೆಗೆ ಒರಗಿಸಿದ ಮರದ ಫ್ರೇಮುಗಳು. ಪ್ರತಿ ಫ್ರೇಮಿಗೂ ಸೊಳ್ಳೆಪರದೆಗಿಂತ ನೂರು ಪಾಲು ನಯವಾದ ಬಟ್ಟೆ ಬಿಗಿದಿತ್ತು. ಅಂಗಡಿಗಳ ಕೈಚೀಲ, ಕ್ಲಬ್ಬುಗಳ ಶರ್ಟು, ಎಲ್ಲವೂ ಆ ಬಟ್ಟೆಯ ಮೂಲಕವೇ ಬಣ್ಣ ಹೀರಿಕೊಂಡು ಹೊರಗೆ ಹೋಗುತ್ತಿದ್ದವು.

ಅಮ್ಮ ಹಾಳೆಯನ್ನು ಮೇಜಿನ ಮೇಲಿಟ್ಟಳು. "ಇದು ಹೆಜ್ಜೆ ಗುರುತಲ್ಲ ಪುಟ್ಟಿ. ಇದು ಕಾಪಿರೈಟ್ ಗುರುತು. ಈ ಘೇಂಡಾಮೃಗ ಇಂಥವರದ್ದು ಅಂತ ಬರೆದಿದೆ. ಅದನ್ನೂ ನೀಟಾಗಿ ಕಾಪಿ ಮಾಡಿದ್ದೀಯಲ್ಲೇ ನೀನು."

"ಅಂದ್ರೆ?"

"ಅಂದ್ರೆ ಅವರನ್ನ ಕೇಳದೆ ನಾನು ಇದನ್ನ ಪ್ರಿಂಟ್ ಮಾಡೋ ಹಾಗಿಲ್ಲ."

ಪೆನ್ಸಿಲ್ ನಕ್ಕಳು. ಅಮ್ಮ ನಗಲಿಲ್ಲ.

"ಅಮ್ಮ, ಇದು ಪೂರ್ತಿ ನಾನೇ ಬಿಡಿಸಿದ್ದು. ಟ್ರೇಸ್ ಕೂಡ ಮಾಡಿಲ್ಲ, ಅಜ್ಜೀನ ಬೇಕಾದ್ರೆ ಕೇಳು."

"ಹೌದು, ಕೂತಲ್ಲಿಂದ ಎದ್ದಿಲ್ಲ ಮಗು," ಎಂದಳು ಅಜ್ಜಿ. ಅವಳು ಮೂಲೆಯಲ್ಲಿ ಕೂತು ಶರ್ಟುಗಳನ್ನು ಮಡಿಸುತ್ತಿದ್ದಳು. "ಎಮ್ಮೆ ಎಷ್ಟು ಚೆನ್ನಾಗಿ ಬಂದಿದೆ."

"ಎಮ್ಮೆ ಅಲ್ಲಜ್ಜಿ, ಘೇಂಡಾಮೃಗ."

"ಎರಡೂ ಕಪ್ಪಗೇ ಇರುತ್ತೆ ಬಿಡು."

"ಗೆರೆ ನಿಂದು," ಅಮ್ಮ ಹೇಳಿದಳು. "ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕೊಂಬಿಗೆ ಬ್ಯಾಂಡೇಜು ಸುತ್ತೋಣ, ಬೂಟು ತೊಡಿಸೋಣ ಅಂತ ಯೋಚನೆ ಮಾಡಿದ್ದು ನೀನಾ?"

ಪೆನ್ಸಿಲ್ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ನಾವೇನು ಮಾರ್ತೀವಾ? ಹಾಕ್ಕೊಳ್ತೀವಿ ಅಷ್ಟೇ," ಎಂದಳು.

"ನೀನು ನೋಟ್‌ಬುಕ್ಕಲ್ಲಿ ಬರಿ, ನಿನ್ನ ರೂಮಿನ ಗೋಡೆ ತುಂಬ ಬರಿ. ಇಷ್ಟಪಟ್ಟು ಬರೆಯೋದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಆದ್ರೆ ಮೂವತ್ತೊಂದು ಶರ್ಟಿಗೆ ನನ್ನ ಅಂಗಡಿಯಲ್ಲಿ ಅಚ್ಚು ಹಾಕೋದು ಬೇರೆ. ಇದು ನನ್ನ ಕೆಲಸ ಕಣೇ. ಚೀಟಿ ಇಲ್ಲದೆ ನಾನು ಯಾರದ್ದೂ ಮಾಡಲ್ಲ, ನಿಂಗೊತ್ತು."

ಗೊತ್ತಿತ್ತು. ಅಮ್ಮನ ಹತ್ತಿರ ಒಂದು ದಪ್ಪ ಫೈಲ್ ಇತ್ತು. ಯಾರೇ ಚಿತ್ರ ತಂದುಕೊಟ್ಟರೂ ಒಂದು ಚೀಟಿಯಲ್ಲಿ 'ಈ ಚಿತ್ರ ಯಾರದ್ದು' ಎಂದು ಬರೆದು ಸಹಿ ಹಾಕಬೇಕು. ಆಮೇಲೆಯೇ ಫ್ರೇಮ್ ಮೇಜಿನ ಮೇಲೆ ಬರುತ್ತಿತ್ತು.

"ನಿಮ್ಮಮ್ಮ ಚೀಟಿ ಇಲ್ಲದೆ ಕಟ್ಟಿಕೊಂಡ ಗಂಡನ ಬನಿಯನ್ನಿಗೂ ಬಣ್ಣ ಹಚ್ಚಲ್ಲ," ಎಂದಳು ಅಜ್ಜಿ.

ಪೆನ್ಸಿಲ್‌ಗೆ ಹೆದರಿಕೆಯೇನೂ ಆಗಲಿಲ್ಲ. ಕೇಳಬೇಕು ತಾನೇ? ಕೇಳಿದರಾಯಿತು. ಇರುವೆ ಅಕ್ಷರಗಳಲ್ಲೇ ಕಂಪನಿಯ ಹೆಸರಿತ್ತು. ಅಮ್ಮನ ಫೋನಿನಲ್ಲಿ ಹುಡುಕಿದಾಗ ಇಮೇಲ್ ವಿಳಾಸವೂ ಸಿಕ್ಕಿತು. ಪೆನ್ಸಿಲ್ ಹೇಳುತ್ತಾ ಹೋದಳು, ಅಮ್ಮ ಟೈಪ್ ಮಾಡುತ್ತಾ ಹೋದಳು. ಚಿತ್ರದ ಫೋಟೋ ಸೇರಿಸಿ, ಕೊನೆಯಲ್ಲಿ 'ದಯವಿಟ್ಟು ಗುರುವಾರದೊಳಗೆ ಹೇಳಿ, ಶನಿವಾರ ನಮಗೆ ರೇಸ್ ಇದೆ' ಎಂದು ಸೇರಿಸಿದರು.

"ಯಾಕೆ ಬೇಡ ಅಂತಾರೆ?" ಎಂದಳು ಪೆನ್ಸಿಲ್. "ಇಷ್ಟು ಚೆನ್ನಾಗಿ ಬರೆದಿದ್ದೀನಿ."

*

ಉತ್ತರ ಬುಧವಾರ ಸಂಜೆಯೇ ಬಂತು. ಅಮ್ಮ ಓದಿ ಹೇಳಿದಳು.

ಚಿತ್ರ ನೋಡಿ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಖುಷಿಯಾಯಿತು. ಇದನ್ನು ನಿಮ್ಮ ಮನೆಯ ಗೋಡೆಗೆ ಹಾಕಿಕೊಳ್ಳಿ, ಗೆಳೆಯರಿಗೆ ತೋರಿಸಿ, ಇನ್ನೂ ಬೇಕಾದಷ್ಟು ಬರೆಯಿರಿ. ಆದರೆ ಬಟ್ಟೆಯ ಮೇಲೆ ಅಚ್ಚು ಹಾಕಲು ಒಪ್ಪಿಗೆ ಕೊಡಲು ನಮಗೆ ಆಗುವುದಿಲ್ಲ. ಇನ್ನೊಂದು ಮಾತು. ಕಾಪಿರೈಟ್ ಗುರುತನ್ನು ಇಷ್ಟು ಪ್ರೀತಿಯಿಂದ ಬರೆದವರನ್ನು ನಾವು ಇದೇ ಮೊದಲು ನೋಡಿದ್ದು.

ಪೆನ್ಸಿಲ್‌ಳ ಕಿವಿ ಬಿಸಿಯಾಯಿತು. "ನಕ್ಕಿದ್ದಾರೆ," ಎಂದಳು.

"ನಗದೆ ಇನ್ನೇನು ಮಾಡ್ತಾರೆ?" ಎಂದು ಅಮ್ಮನೂ ನಕ್ಕಳು. "ಎಷ್ಟು ಮರ್ಯಾದೆಯಿಂದ ಬರೆದಿದ್ದಾರೆ ನೋಡು."

"ಮರ್ಯಾದೆ ಇಟ್ಕೊಂಡು ಏನು ಮಾಡ್ಲಿ? ಶರ್ಟಿಗೆ ಹಾಕಕ್ಕಾಗುತ್ತಾ?"

ಆದರೂ ಅವಳು ಸುಮ್ಮನೆ ಕೂರುವವಳಲ್ಲ. ಹೊಸ ಹಾಳೆ ತೆಗೆದಳು. ಕೊಂಬು ತೆಗೆದಳು. ಕೆಂಪು ಹೊದಿಕೆಗೆ ನೀಲಿ ಬಣ್ಣ ಹಚ್ಚಿದಳು. ಬೂಟಿಗೆ ಏಳು ಗುಂಡಿಯ ಬದಲು ಐದು ಹಾಕಿದಳು. ಮೇಲೆ ದೊಡ್ಡದಾಗಿ 'ಕಮಾಂಡರ್ ಹಿಪ್ಪೊ' ಎಂದು ಬರೆದು, "ತಗೋ, ಇದು ನಂದು," ಎಂದು ಅಮ್ಮನ ಮುಂದಿಟ್ಟಳು.

ಅಮ್ಮ ಹೆಸರಿನ ಮೇಲೆ ಅಂಗೈ ಮುಚ್ಚಿ ಅಜ್ಜಿಯತ್ತ ಹಾಳೆ ತಿರುಗಿಸಿದಳು. "ಅತ್ತೆ, ಇದು ಯಾರು ಹೇಳಿ?"

ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿದಳು. "ಅದೇ ಎಮ್ಮೆ ಅಲ್ವಾ? ಅಯ್ಯೋ ಪಾಪ, ಕೊಂಬು ಮುರ್ಕೊಂಡಿದೆ."

ಪೆನ್ಸಿಲ್ ಹಾಳೆಯನ್ನು ಕಿತ್ತುಕೊಂಡು ಒಳಗೆ ಹೋದಳು.

*

"ಅಂದ್ರೆ ಖಾಲಿ ಬಿಳಿ ಶರ್ಟಾ?" ಕ್ಲಾಸ್ ಲೀಡರ್ ಕೇಳಿದ. ಗುರುವಾರ ಊಟದ ಬಿಡುವು. ಕ್ಲಾಸಿನ ಅರ್ಧದಷ್ಟು ಮಕ್ಕಳು ಪೆನ್ಸಿಲ್‌ಳ ಸುತ್ತ ನಿಂತಿದ್ದರು. "ಎ ಸೆಕ್ಷನ್‌ನವರು ಮಿಂಚಿನ ಚಿತ್ರ ಹಾಕಿಸ್ಕೊಂಡಿದ್ದಾರೆ. ನಾವು ಹಾಸಿಗೆ ಬಟ್ಟೆ ಹೊದ್ಕೊಂಡು ಬಂದ ಹಾಗೆ ಇರ್ತೀವಿ."

"ಬೇರೆ ಬರೀತೀನಿ ಅಂದ್ನಲ್ಲ," ಎಂದಳು ಪೆನ್ಸಿಲ್.

"ಯಾವಾಗ?"

"ಈಗ."

"ಏನು ಬರೀತೀಯ?"

ಅದೇ ತೊಂದರೆಯಾಗಿತ್ತು. ಬೆಳಗ್ಗೆಯಿಂದ ಹಾಳೆ ಮುಂದಿಟ್ಟುಕೊಂಡು ಕೂತಿದ್ದಳು. ಪೆನ್ಸಿಲ್ ಹಿಡಿದ ಕೈ ಹಾಳೆಗೆ ಇಳಿಯುತ್ತಿರಲಿಲ್ಲ. ನೋಡಿ ಬರೆಯಲು ಎದುರಿಗೆ ಏನೂ ಇರಲಿಲ್ಲ. ಹುಲಿ ಬರೆದರೆ ಅದು ಯಾವುದೋ ಟೂತ್‌ಪೇಸ್ಟಿನ ಹುಲಿಯಾಗುತ್ತಿತ್ತು. ರಾಕೆಟ್ ಬರೆದರೆ ಯಾವುದೋ ನೋಟ್‌ಬುಕ್ಕಿನ ರಾಕೆಟ್. ತನ್ನ ತಲೆಯಲ್ಲಿ ಬರೀ ಬೇರೆಯವರ ಚಿತ್ರಗಳೇ ತುಂಬಿಕೊಂಡಿವೆಯಲ್ಲ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

"ನೀನೇ ತಾನೇ ತಲೆ ಕೆಡಿಸ್ಕೊಬೇಡಿ ಅಂದಿದ್ದು?" ಎಂದು ಲೀಡರ್ ಮೇಜಿಗೆ ಒಂದು ಗುದ್ದು ಕೊಟ್ಟ.

ಗುದ್ದಬಾರದಿತ್ತು. ಅದು ಕ್ಲಾಸಿನ ಕೊನೆಯ ಸಾಲಿನ ಮೇಜು. ಅದಕ್ಕೆ ಇದ್ದದ್ದು ಮೂರೇ ಸರಿಯಾದ ಕಾಲು. ನಾಲ್ಕನೆಯದು ಅರ್ಧಕ್ಕೇ ಮುರಿದಿತ್ತು, ಅದರ ಕೆಳಗೆ ಒಂದು ಇಟ್ಟಿಗೆ ನಿಲ್ಲಿಸಿದ್ದರು. ಗುದ್ದಿಗೆ ಇಟ್ಟಿಗೆ ಮಗುಚಿತು. ಮೇಜು ಕುಂಟುತ್ತ ಮುಂದೆ ಜಾರಿತು. ಮೇಲಿದ್ದ ಡಬ್ಬಿ, ನೀರಿನ ಬಾಟಲಿ, ಅರ್ಧ ತಿಂದ ಸೇಬು ಒಂದರ ಹಿಂದೆ ಒಂದು ಹೊರಟವು.

"ಹಿಡೀರಿ, ಹಿಡೀರಿ, ಮೇಜು ಓಡಿ ಹೋಗ್ತಿದೆ," ಎಂದು ಯಾರೋ ಕೂಗಿದರು. ನಾಲ್ಕು ಜನ ಹಾರಿ ಹಿಡಿದುಕೊಂಡರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಪೆನ್ಸಿಲ್ ಮಾತ್ರ ನಗಲಿಲ್ಲ. ಮೇಜನ್ನೇ ನೋಡುತ್ತಿದ್ದಳು.

"ಬಿಡಿ ಅದನ್ನ," ಎಂದಳು. "ಇನ್ನೊಂದು ಸಲ ಓಡಲಿ."

"ಏನೇ, ತಲೆ ಸರಿ ಇದೆಯಾ?"

"ಲೀಡರ್, ನೀನು ಬಗ್ಗು. ಕೈ ನೆಲದ ಮೇಲಿಡು. ನಾಲ್ಕು ಕಾಲಾಯ್ತಲ್ಲ? ಈಗ ಒಂದು ಕಾಲಿಗೆ ಮಾತ್ರ ಈ ಟಿಫನ್ ಬ್ಯಾಗ್ ಸಿಕ್ಕಿಸ್ಕೋ. ಓಡು."

"ನಾನು ಕ್ಲಾಸ್ ಲೀಡರ್ ಕಣೇ."

"ಅದಕ್ಕೇ ಮೊದಲು ನಿನಗೆ ಹೇಳಿದ್ದು."

ಲೀಡರ್ ಓಡಿದ. ಒಂದು ಕಾಲು ಭಾರ, ಮೂರು ಹಗುರ. ಧಡ್, ಟಕ್ ಟಕ್ ಟಕ್. ಧಡ್, ಟಕ್ ಟಕ್ ಟಕ್. ಬೆನ್ನು ಒಮ್ಮೆ ಎಡಕ್ಕೆ ವಾಲುತ್ತಿತ್ತು, ಮರುಕ್ಷಣ ಬಲಕ್ಕೆ. ಪೆನ್ಸಿಲ್ ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದಳು.

ಮೊದಲನೆಯದು ಸತ್ತ ಜಿರಳೆಯ ಹಾಗೆ ಬಂತು. ಎರಡನೆಯದು ಮಂಚದ ಹಾಗೆ. "ರಬ್ಬರ್ ಯಾರ ಹತ್ರ ಇದೆ?" ಎಂದು ಅವಳು ಕೇಳಿದಾಗ ಕ್ಲಾಸಿಗೆ ಕ್ಲಾಸೇ ಅವಳತ್ತ ತಿರುಗಿತು. ಆಮೇಲೆ ಆರು ರಬ್ಬರುಗಳು ಬಂದವು. ಅಳಿಸಿದಳು, ಬರೆದಳು, ಮತ್ತೆ ಅಳಿಸಿದಳು. ಹಾಳೆ ಒಂದು ಕಡೆ ತೂತಾಯಿತು. ಬೇರೆ ಹಾಳೆ ತೆಗೆದಳು. ಲೀಡರ್ ಒಂಬತ್ತು ಸಲ ಓಡಿದ, ಹತ್ತನೇ ಸಲ, "ನೀರು ಕೊಡ್ರೋ," ಎಂದು ಮಲಗಿಬಿಟ್ಟ.

ಗಂಟೆ ಬಾರಿಸುವ ಹೊತ್ತಿಗೆ ಹಾಳೆಯ ಮೇಲೆ ಒಂದು ಮೇಜು ಓಡುತ್ತಿತ್ತು. ಮೂರು ಕಾಲು ಗಾಳಿಯಲ್ಲಿದ್ದವು. ನಾಲ್ಕನೆಯ ಗಿಡ್ಡ ಕಾಲಿಗೆ ಇಟ್ಟಿಗೆಯನ್ನೇ ಬೂಟಿನ ಹಾಗೆ ಲೇಸು ಹಾಕಿ ಕಟ್ಟಿತ್ತು. ಬೆನ್ನ ಮೇಲಿಂದ ಅರ್ಧ ತಿಂದ ಸೇಬು ಹಾರಿ ಬೀಳುತ್ತಿತ್ತು. ಕೆಲವು ಗೆರೆಗಳು ಸೊಟ್ಟಗಿದ್ದವು. ಕ್ಯಾಪ್ಟನ್‌ನಷ್ಟು ನೀಟಾಗಿರಲಿಲ್ಲ.

ಲೀಡರ್ ನೋಡಿದ. "ಇದು ನಾನಾ?"

"ನಿನ್ನ ಓಟ. ಮೇಜು ನಮ್ಮದು."

"ಇಂಥದ್ದು ನಾನು ಎಲ್ಲೂ ನೋಡಿಲ್ಲ," ಎಂದ ಅವನು. ಹಾಳೆಯನ್ನು ಇನ್ನೊಮ್ಮೆ ನೋಡಿ, "ಎ ಸೆಕ್ಷನ್‌ನವರು ಸಾಯ್ತಾರೆ," ಎಂದ.

*

ಅಂದು ಸಂಜೆ ಅಮ್ಮ ಹೆಸರಿನ ಮೇಲೆ ಕೈ ಮುಚ್ಚಲಿಲ್ಲ. ಹೆಸರೇ ಇರಲಿಲ್ಲವಲ್ಲ. ಅಜ್ಜಿ ಚಿತ್ರವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. "ಇದನ್ನ ನಾನು ಕಂಡಿಲ್ಲಪ್ಪ. ಮೇಜಿಗೆ ಯಾಕೆ ಬೂಟು ಹಾಕಿದ್ದೀಯ?" ಎಂದು ಕೇಳಿದಳು.

ಅಮ್ಮ ಫೈಲಿನಿಂದ ಒಂದು ಚೀಟಿ ತೆಗೆದುಕೊಟ್ಟಳು, ದೊಡ್ಡವರಿಗೆ ಕೊಡುವಂಥದ್ದೇ. ಈ ಚಿತ್ರ ಯಾರದ್ದು ಎಂದು ಕೇಳಿತ್ತು.

'ನನ್ನದು' ಎಂದು ಬರೆಯಲು ಹೋದ ಪೆನ್ಸಿಲ್ ನಿಂತಳು.

"ಏನಾಯ್ತು?"

"ಆ ಇಟ್ಟಿಗೆ ಇಟ್ಟಿದ್ದು ನಾನಲ್ಲಮ್ಮ. ಬೆಲ್ ಮಾಮ."

ಅಮ್ಮ ಅವಳ ಮುಖ ನೋಡಿದಳು. ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಯಿತು. "ಹಾಗಾದ್ರೆ ಕೇಳ್ಕೊಂಡು ಬಾ," ಎಂದಳು. "ಪ್ರಿಂಟಿಂಗ್ ನಾಳೆ ಸಾಯಂಕಾಲ ಇಟ್ಕೊಳ್ಳೋಣ."

ಬೆಲ್ ಮಾಮ ಅಂದರೆ ಶಾಲೆಯಲ್ಲಿ ಗಂಟೆ ಹೊಡೆಯುವವರು. ಮುರಿದ ಬೀಗ, ಸೋರುವ ನಲ್ಲಿ, ಕುಂಟುವ ಬೆಂಚು, ಎಲ್ಲಕ್ಕೂ ಅವರೇ ಡಾಕ್ಟರು. ಶುಕ್ರವಾರ ಬೆಳಗ್ಗೆ ಪೆನ್ಸಿಲ್ ಹೋದಾಗ ಅವರು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದು ಕಿಟಕಿಯ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದರು.

"ಮಾಮ, ಐದನೇ ಬಿ ಮೇಜಿಗೆ ಇಟ್ಟಿಗೆ ಇಟ್ಟಿದ್ದು ನೀವೇ ತಾನೇ?"

ಮಾಮನ ಕೈ ನಿಂತಿತು. "ಯಾಕಮ್ಮ, ಯಾರ ಕಾಲ ಮೇಲಾದ್ರೂ ಬಿತ್ತಾ? ಮೂರು ಸಲ ಆಫೀಸಿಗೆ ಹೇಳಿದ್ದೀನಿ, ಕಾಲು ಬದಲಾಯಿಸಿ ಅಂತ."

"ಬಿದ್ದಿಲ್ಲ. ನಿಮ್ಮ ಒಪ್ಪಿಗೆ ಬೇಕಿತ್ತು." ಅವಳು ಚಿತ್ರ ತೋರಿಸಿದಳು. ಕ್ಯಾಪ್ಟನ್ ಘೇಂಡಾನಿಂದ ಹಿಡಿದು ಚೀಟಿಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಮಾಮ ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಾಳೆಯನ್ನು ತುದಿಯಲ್ಲಿ ಹಿಡಿದರು. ಬಹಳ ಹೊತ್ತು ನೋಡಿದರು.

"ಇಟ್ಟಿಗೆ ಕಾಂಪೌಂಡ್ ಗೋಡೆದು. ಬಿದ್ದಿತ್ತು, ಎತ್ಕೊಂಡು ಬಂದು ಇಟ್ಟೆ, ನಿಜ," ಎಂದರು. "ಆದ್ರೆ ನಾನು ಇಟ್ಟಿದ್ದು ಆ ಮೇಜು ಅಲ್ಲಾಡದೆ ನಿಂತ್ಕೊಳ್ಳಲಿ ಅಂತ. ನೀನು ಓಡಿಸಿಬಿಟ್ಟಿದ್ದೀಯಲ್ಲಮ್ಮ. ಇಟ್ಟಿಗೆಗೆ ಲೇಸು ಕಟ್ಟಬೇಕು ಅಂತ ನನಗೆ ಏಳು ಜನ್ಮಕ್ಕೂ ಹೊಳೀತಿರಲಿಲ್ಲ."

"ಹಾಗಾದ್ರೆ ನಂದು ಅಂತ ಬರೀಬಹುದಾ?"

"ಮತ್ತೇನು, ಬೆಲ್ ಮಾಮಂದು ಅಂತ ಬರೀತೀಯಾ?" ಮಾಮ ಹಾಳೆ ವಾಪಸ್ ಕೊಟ್ಟರು. ಅವಳು ಬಾಗಿಲು ದಾಟುವಾಗ ಹಿಂದಿನಿಂದ ಕೇಳಿದರು: "ನನ್ನ ಹತ್ರ ಒಂದು ಹಳೇ ಬಿಳಿ ಅಂಗಿ ಇದೆ. ನಿಮ್ಮಮ್ಮ ಅದಕ್ಕೂ ಹಾಕಿಕೊಡ್ತಾರಾ?"

*

ಚೀಟಿಯಲ್ಲಿ ಪೆನ್ಸಿಲ್ ಹೀಗೆ ಬರೆದಳು: 'ಚಿತ್ರ ನನ್ನದು. ಇಟ್ಟಿಗೆ ಇಟ್ಟವರು ಬೆಲ್ ಮಾಮ. ಓಡಿ ತೋರಿಸಿದವನು ಲೀಡರ್.' ಅಮ್ಮ ಅದನ್ನು ಓದಿ, ನಗದೆ, ತೂತು ಮಾಡಿ ಫೈಲಿಗೆ ಸೇರಿಸಿದಳು.

ಆಮೇಲೆ ಕೆಲಸ ಶುರುವಾಯಿತು. ಪಾರದರ್ಶಕ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಮೇಜಿನ ಚಿತ್ರವನ್ನು ಇಳಿಸಿಕೊಂಡರು. ಹಸಿರು ಲೇಪ ಬಳಿದ ಫ್ರೇಮಿನ ಕೆಳಗೆ ಅದನ್ನಿಟ್ಟು ಜೋರು ಬೆಳಕು ಹಾಯಿಸಿದರು. ಬೆಳಕು ಬಿದ್ದ ಕಡೆ ಲೇಪ ಗಟ್ಟಿಯಾಯಿತು. ಕಪ್ಪು ಗೆರೆ ಅಡ್ಡ ಬಂದ ಕಡೆ ಮೆತ್ತಗೇ ಉಳಿಯಿತು. ನೀರು ಹಿಡಿದಾಗ ಮೆತ್ತಗಿದ್ದದ್ದೆಲ್ಲ ತೊಳೆದು ಹೋಗಿ, ಬಟ್ಟೆಯಲ್ಲಿ ಓಡುವ ಮೇಜಿನ ಆಕಾರದ ದಾರಿ ತೆರೆದುಕೊಂಡಿತು.

"ಮೊದಲನೇ ಶರ್ಟು ನೀನೇ ಎಳಿ," ಎಂದಳು ಅಮ್ಮ.

ರಬ್ಬರ್ ಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು, ನೀಲಿ ಬಣ್ಣವನ್ನು ಮೇಲಿನಿಂದ ಕೆಳಗೆ ಒಂದೇ ಸಮ ಎಳೆಯಬೇಕು. ನಡುವೆ ನಿಲ್ಲಿಸಿದರೆ ಕಲೆಯಾಗುತ್ತದೆ. ಪೆನ್ಸಿಲ್ ಉಸಿರು ಬಿಗಿ ಹಿಡಿದು ಎಳೆದಳು. ಅಮ್ಮ ಫ್ರೇಮ್ ಎತ್ತಿದಳು. ಸೊಟ್ಟ ಗೆರೆಗಳು ಸೊಟ್ಟಗೇ ಇದ್ದವು. ಆದರೆ ಶರ್ಟಿನ ಮೇಲೆ ಅವು ಬೇಕೆಂದೇ ಹಾಕಿದ ಹಾಗೆ ಕಾಣುತ್ತಿದ್ದವು.

*

ಶನಿವಾರ ಮೈದಾನದಲ್ಲಿ ಮೂವತ್ತೊಂದು ಮೇಜುಗಳು ಓಡಾಡಿದವು. ಮೂವತ್ತೆರಡನೆಯದು ಗಂಟೆಯ ಹತ್ತಿರ ಎದೆ ಸೆಟೆಸಿ ನಿಂತಿತ್ತು. ಎ ಸೆಕ್ಷನ್‌ನವರು ಯಾರೂ ಸಾಯಲಿಲ್ಲ. ಆದರೆ ಅವರಲ್ಲಿ ಇಬ್ಬರು ಬಂದು ಶರ್ಟಿನ ಮೇಲಿನ ಇಟ್ಟಿಗೆಯನ್ನು ಮುಟ್ಟಿ ನೋಡಿ ಹೋದರು.

ರಿಲೇ ಓಟಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಪೆನ್ಸಿಲ್ ಮತ್ತು ಲೀಡರ್ ಮರದ ಕೆಳಗೆ ಬಂದಾಗ ಒಂದನೇ ಕ್ಲಾಸಿನ ಒಬ್ಬಳು ಪುಟ್ಟ ಹುಡುಗಿ ಕುಕ್ಕರಗಾಲಿನಲ್ಲಿ ಕೂತು ಕಡ್ಡಿಯಿಂದ ಮಣ್ಣಿನಲ್ಲಿ ಏನೋ ಗೀಚುತ್ತಿದ್ದಳು. ಒಂದು ಚೌಕ, ಕೆಳಗೆ ಕಾಲುಗಳು, ಕಾಲಿನ ತುದಿಗೆ ದೊಡ್ಡ ದೊಡ್ಡ ಡಬ್ಬಗಳು.

"ಏಯ್, ಇದು ನಮ್ಮ ಮೇಜು," ಎಂದ ಲೀಡರ್. "ಯಾರನ್ನ ಕೇಳಿ ಬರೀತಿದ್ದೀಯ ನೀನು?"

ಹುಡುಗಿ ಕಡ್ಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಸುಮ್ನಿರೋ," ಎಂದಳು ಪೆನ್ಸಿಲ್. ಅವಳ ಪಕ್ಕದಲ್ಲಿ ಕೂತು ನೋಡಿದಳು. "ಇಟ್ಟಿಗೆ ಯಾಕೆ ಎರಡು ಹಾಕಿದ್ದೀಯ?"

"ಒಂದೇ ಇದ್ರೆ ಆ ಕಾಲಿಗೆ ಬೇಜಾರಾಗಲ್ವಾ ಅಕ್ಕ?"

ಪೆನ್ಸಿಲ್‌ಗೆ ನಗು ಬಂತು. ನಕ್ಕ ಮೇಲೆ, ಎಲ್ಲೋ ಒಂದು ಆಫೀಸಿನಲ್ಲಿ ತಾನು ಬರೆದ ಘೇಂಡಾಮೃಗವನ್ನು ಮುಂದಿಟ್ಟುಕೊಂಡು ಕೂತಿದ್ದವರು ಕಣ್ಣ ಮುಂದೆ ಬಂದರು. ಅವರು ನಕ್ಕಿದ್ದೂ ಹೀಗೇ ಇರಬೇಕು. ಮೊನ್ನೆ ಕಿವಿ ಬಿಸಿಯಾಗಿದ್ದು ನೆನಪಾಯಿತು. ಈಗ ಆಗಲಿಲ್ಲ.

"ಸೇಬು ಹೇಗಿದೆ ಅಂತ ಸರಿಯಾಗಿ ಕಾಣಿಸ್ಲೇ ಇಲ್ಲ," ಎಂದಳು ಹುಡುಗಿ ಮೆಲ್ಲಗೆ. "ನೀವೆಲ್ಲ ಓಡ್ತಾನೇ ಇರ್ತೀರ."

"ಪೆನ್ಸಿಲ್, ನಮ್ಮ ರೇಸ್ ಕರೀತಿದ್ದಾರೆ," ಎಂದ ಲೀಡರ್.

"ನೀನು ಹೋಗಿರು, ಬಂದೆ."

ಅವಳು ಎದ್ದು, ಹುಡುಗಿಗೆ ಬೆನ್ನು ಮಾಡಿ ನಿಂತಳು. ಸುಕ್ಕು ಹೋಗುವಂತೆ ಶರ್ಟಿನ ಎರಡು ತುದಿಗಳನ್ನು ಎಳೆದು ಹಿಡಿದಳು. ಹಿಂದೆ ಮಣ್ಣಿನಲ್ಲಿ ಕಡ್ಡಿ ಮತ್ತೆ ಕೆರೆಯತೊಡಗಿತು. ಅದು ನಿಲ್ಲುವವರೆಗೆ ಪೆನ್ಸಿಲ್ ಅಲ್ಲಾಡಲಿಲ್ಲ.